ಲಂಗರು: ಕಡಲಿನಲ್ಲಿ ಮತ್ತು ಬೀದರಿನಲ್ಲಿ

ಹುಮನಾಬಾದ್ ಸಮೀಪದ ಹುಡಗಿಯಿಂದ ಅರಬ್ಬೀ ಸಮುದ್ರ ಸುಮಾರು 400 ಕಿಲೋಮೀಟರ್ ದೂರ. ಆದರೂ ಈ ಸೀಮೆಯ ಜನರಿಗೆ ಹಡಗಿನವರ ಒಂದು ಶಬ್ದ ಚೆನ್ನಾಗಿ ಗೊತ್ತು. ಅದು ‘ಲಂಗರು’. ಬೀದರಿನ ಗುರುನಾನಕ್ ಝೀರಾ ಗುರುದ್ವಾರಕ್ಕೆ ಹೋದವರು ಲಂಗರಿನಲ್ಲಿ ಊಟ ಮಾಡಿ ಬರುತ್ತಾರೆ. ಮಂಗಳೂರಿನವರಿಗೆ ಲಂಗರು ಎಂದರೆ ಹಡಗನ್ನು ನಿಲ್ಲಿಸುವ ಕಬ್ಬಿಣದ ಕೊಕ್ಕೆ. ಇವೆರಡೂ ಒಂದೇ ಶಬ್ದವೆ? ಹೌದು, ಒಂದೇ.

ಇದು ಪಾರಸಿಯಿಂದ ಬಂದ ಶಬ್ದ. ಹಡಗಿನ ಲಂಗರು ಬರಿಯ ಭಾರದಿಂದ ಕೆಲಸ ಮಾಡುವುದಿಲ್ಲ. ಸರಪಳಿಯನ್ನು ನೀರಿನ ಆಳಕ್ಕಿಂತ ಹಲವು ಪಟ್ಟು ಉದ್ದ ಬಿಡುತ್ತಾರೆ. ಆಗ ಎಳೆತ ಅಡ್ಡಲಾಗಿ ಬಿದ್ದು ಕೊಕ್ಕೆ ಕಡಲ ತಳಕ್ಕೆ ಇಳಿದು ಹಿಡಿಯುತ್ತದೆ. ನೇರ ಮೇಲಕ್ಕೆ ಎಳೆದರೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದಲೇ ‘ಲಂಗರು ಹಾಕು’, ‘ಲಂಗರು ಎತ್ತು’ ಎಂಬ ಪ್ರಯೋಗಗಳು. ದಕ್ಕೆಗೆ ಹಗ್ಗದಿಂದ ಕಟ್ಟಿದ ಹಡಗು ಲಂಗರು ಹಾಕಿದೆ ಎನ್ನುವುದು ಸರಿಯಲ್ಲ. ಅದು ದಡ ಸೇರಿದ ಹಡಗು. 1974ರಲ್ಲಿ ಮಹಾಬಂದರೆಂದು ಘೋಷಿತವಾದ ನವಮಂಗಳೂರು ಬಂದರು ಬರುವ ಮೊದಲು ದೊಡ್ಡ ಹಡಗುಗಳು ಹಳೆಯ ಬಂದರಿನ ಅಳಿವೆಯನ್ನು ದಾಟಲಾರದೆ ಹೊರಗಡಲಿನಲ್ಲಿಯೇ ನಿಲ್ಲುತ್ತಿದ್ದವು. ದೋಣಿಗಳು ಸರಕು ಸಾಗಿಸುತ್ತಿದ್ದವು. ಲಂಗರು ಹಾಕುವುದೆಂದರೆ ಅದು.

ಬೀದರಿಗೂ ಕಡಲಿನ ನಂಟು ಉಂಟು. ಬಹಮನಿ ಸುಲ್ತಾನರ ರಾಜಧಾನಿಯಾದ ಈ ಊರಿನ ದರ್ಬಾರಿನ ಭಾಷೆ ಪಾರಸಿ. ಸೈನ್ಯಕ್ಕೆ ಬೇಕಾದ ಕುದುರೆಗಳು ಹಡಗುಗಳಲ್ಲಿ ಬಂದು ಚೌಲ್, ದಾಭೋಳಗಳಲ್ಲಿ ಇಳಿಯುತ್ತಿದ್ದವು. ಮುಂದೆ ವಜೀರನಾದ ಮಹಮೂದ್ ಗವಾನನು ಇರಾನಿನ ಗಿಲಾನಿನಿಂದ ವ್ಯಾಪಾರಿಯಾಗಿ ದಾಭೋಳದಲ್ಲಿ ಇಳಿದೇ ಬೀದರಿಗೆ ಬಂದನು. 1472ರಲ್ಲಿ ಅವನು ಗೋವೆಯನ್ನು ಗೆದ್ದದ್ದರಲ್ಲಿ ಬಂದರಿನ ಆಸೆಯೂ ಇತ್ತು.

ಪಾರಸಿಯಲ್ಲಿಯೇ ‘ಲಂಗರ್’ ಶಬ್ದಕ್ಕೆ ಬಡವರಿಗೆ ನಿತ್ಯ ಅನ್ನ ಹಂಚುವ ಸ್ಥಳ ಎಂಬ ಅರ್ಥವೂ ಇದೆ. ಹಡಗು ತಂಗುವ ಭಾವವೇ ದಾರಿಹೋಕರು ತಂಗಿ ಉಣ್ಣುವ ಸ್ಥಳಕ್ಕೆ ಹರಡಿರಬಹುದು. ಸೂಫಿಗಳ ಖಾನಖಾಗಳಲ್ಲಿ ಈ ಪದ್ಧತಿ ಬೆಳೆಯಿತು. ಸಿಖ್ಖರಲ್ಲಿ ಜಾತಿಭೇದವಿಲ್ಲದೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಧರ್ಮದ ಭಾಗವೇ ಆಯಿತು. 1699ರಲ್ಲಿ ಗುರು ಗೋವಿಂದಸಿಂಹರು ಆರಿಸಿದ ಪಂಜ್ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರೆಂಬುದು ಸಿಖ್ಖರ ಪರಂಪರೆ.

ಮೂರನೆಯ ಅರ್ಥ ಆನೆಯ ಸರಪಳಿ. ಗೋಲ್ಕೊಂಡದ ರಾಜಕುಮಾರ ಅಬ್ದುಲ್ಲಾನನ್ನು ಹೊತ್ತು ಆನೆಯೊಂದು ಕಾಡಿಗೆ ಓಡಿತು. ಮಗ ಮರಳಿದರೆ ಆ ಸರಪಳಿಯಷ್ಟು ತೂಕದ ಚಿನ್ನ ಕೊಡುವೆನೆಂದು ತಾಯಿ ಹಯಾತ್ ಬಕ್ಷಿ ಬೇಗಂ ಹರಸಿಕೊಂಡಳು ಎಂಬ ಐತಿಹ್ಯವಿದೆ. ಹೈದರಾಬಾದಿನ ಮೊಹರಮ್ಮಿನ ಲಂಗರ್ ಮೆರವಣಿಗೆಗೆ ಇದೇ ಮೂಲವೆನ್ನುತ್ತಾರೆ. 1956ರವರೆಗೆ ಬೀದರ್ ಆ ಸಂಸ್ಥಾನದ ಭಾಗವಾಗಿತ್ತು.

ಹೀಗೆ ಕೊಕ್ಕೆ, ಸರಪಳಿ, ಅನ್ನ ಮೂರನ್ನೂ ಒಂದು ಶಬ್ದ ಹೊತ್ತಿದೆ. ಇದನ್ನು ಅನ್ಯಭಾಷೆಯದೆಂದು ದೂರ ಇಡುವುದರಲ್ಲಿ ಅರ್ಥವಿಲ್ಲ. ಕರಾವಳಿಯ ಮೀನುಗಾರನೂ ಬೀದರಿನ ಯಾತ್ರಿಕನೂ ಬಳಸುವ ಶಬ್ದ ಕನ್ನಡದ್ದೇ.