ಹುಬ್ಬಳ್ಳಿ–ಬೆಳಗಾವಿ ವಿಮಾನ ಸೇವೆಗಳ ಬೆಳವಣಿಗೆ: ಸಹಾಯಧನ, ಆಸನ ಮತ್ತು ಬಾಳಿಕೆ

ಸಾರಾಂಶ

ಉತ್ತರ ಕರ್ನಾಟಕದ ಹುಬ್ಬಳ್ಳಿ ಮತ್ತು ಬೆಳಗಾವಿ ವಿಮಾನ ನಿಲ್ದಾಣಗಳು 2017ರ ನಂತರ ಕಂಡ ಏರಿಳಿತವನ್ನು ಈ ಲೇಖನ ಪರಿಶೀಲಿಸುತ್ತದೆ. ಪ್ರಾದೇಶಿಕ ಸಂಪರ್ಕ ಯೋಜನೆಯಾದ ‘ಉಡಾನ್’ ಈ ಎರಡು ಊರುಗಳಿಗೆ ವಿಮಾನಗಳನ್ನು ತಂದಿತು. ಆದರೆ ಅದರ ಅರ್ಹತಾ ನಿಯಮಗಳು ನೆರೆಹೊರೆಯ ನಿಲ್ದಾಣಗಳನ್ನು ಪರಸ್ಪರ ಪ್ರತಿಸ್ಪರ್ಧಿಗಳನ್ನಾಗಿಯೂ ಮಾಡಿದವು. ಉದ್ಘಾಟನೆಯಾದ ಮಾರ್ಗಗಳನ್ನಾಗಲಿ, ಒಂದು ವರ್ಷದ ಪ್ರಯಾಣಿಕರ ಸಂಖ್ಯೆಯನ್ನಾಗಲಿ ಬೆಳವಣಿಗೆಯ ಅಳತೆಗೋಲಾಗಿ ಹಿಡಿಯುವುದು ಸಾಲದು. ಸಹಾಯಧನದ ಅವಧಿ ಮುಗಿದ ಮೇಲೂ ಉಳಿಯುವ ದಿನನಿತ್ಯದ ಹಾರಾಟಗಳೇ ನಿಜವಾದ ಅಳತೆ ಎಂಬುದು ಇಲ್ಲಿನ ಪ್ರತಿಪಾದನೆ.

1. ಪೀಠಿಕೆ

ಭಾರತದ ಸಣ್ಣ ನಗರಗಳಿಗೆ ವಿಮಾನ ಸೇವೆ ಒದಗಿಸುವ ಪ್ರಯತ್ನ ಹೊಸದಲ್ಲ. 1981ರಲ್ಲಿ ಸ್ಥಾಪನೆಯಾದ ‘ವಾಯುದೂತ’ ಪ್ರಾದೇಶಿಕ ಮಾರ್ಗಗಳಿಗೆಂದೇ ಹುಟ್ಟಿದ ಸರ್ಕಾರಿ ಸಂಸ್ಥೆ. ನಷ್ಟದ ಹೊರೆಯಿಂದ ಅದು 1993ರಲ್ಲಿ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ವಿಲೀನವಾಯಿತು. ಮರುವರ್ಷ ಬಂದ ಮಾರ್ಗ ಹಂಚಿಕೆ ಮಾರ್ಗಸೂಚಿಗಳು, ಲಾಭದ ಮಹಾನಗರ ಮಾರ್ಗಗಳಲ್ಲಿ ಹಾರುವ ಸಂಸ್ಥೆಗಳು ತಮ್ಮ ಸಾಮರ್ಥ್ಯದ ನಿರ್ದಿಷ್ಟ ಪಾಲನ್ನು ಇತರ ಮಾರ್ಗಗಳಿಗೂ ಮೀಸಲಿಡಬೇಕೆಂದು ಕಟ್ಟುಮಾಡಿದವು. ಮೊದಲನೆಯದು ಸರ್ಕಾರವೇ ಹಾರಿಸುವ ದಾರಿ, ಎರಡನೆಯದು ಖಾಸಗಿಯವರನ್ನು ನಿಯಮದಿಂದ ಕಟ್ಟುವ ದಾರಿ. 2016ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿಯೊಂದಿಗೆ ಮೂರನೆಯ ದಾರಿ ತೆರೆಯಿತು. ಹರಾಜಿನ ಮೂಲಕ ಮಾರ್ಗ ಹಂಚಿ, ನಷ್ಟದ ಅಂತರವನ್ನು ಸೀಮಿತ ಅವಧಿಗೆ ಸಹಾಯಧನದಿಂದ ತುಂಬುವುದು ಅದರ ಕ್ರಮ. 2017ರ ಏಪ್ರಿಲ್ 27ರಂದು ಶಿಮ್ಲಾ–ದೆಹಲಿ ನಡುವೆ ಉಡಾನ್‌ನ ಮೊದಲ ವಿಮಾನ ಹಾರಿತು.

ಈ ಯೋಜನೆಯ ಗುಣದೋಷಗಳನ್ನು ಅರಿಯಲು ಹುಬ್ಬಳ್ಳಿ–ಬೆಳಗಾವಿ ಜೋಡಿ ತಕ್ಕ ಕ್ಷೇತ್ರ. ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಸುಮಾರು 100 ಕಿ.ಮೀ. ಅಂತರದಲ್ಲಿರುವ ಈ ನಗರಗಳ ನಡುವೆ ಧಾರವಾಡವೂ ಕಿತ್ತೂರೂ ಇವೆ. ಕಿತ್ತೂರು ಅಥವಾ ಬೈಲಹೊಂಗಲದ ಪ್ರಯಾಣಿಕರಿಗೆ ಎರಡೂ ನಿಲ್ದಾಣಗಳು ಕೈಗೆಟಕುವ ದೂರದಲ್ಲಿವೆ. ಅಂದರೆ ಎರಡರ ಸೇವಾ ಪ್ರದೇಶ ಒಂದರೊಳಗೊಂದು ಬೆರೆತಿದೆ. ಅವು ಯೋಜನೆಯೊಳಗೆ ಬಂದದ್ದು ಮಾತ್ರ ಬೇರೆ ಬೇರೆ ಸುತ್ತುಗಳಲ್ಲಿ. ಈ ಕಾಲದ ಅಂತರವೇ ಸಹಾಯಧನದ ಪರಿಣಾಮವನ್ನು ಬಿಡಿಸಿ ನೋಡಲು ಅವಕಾಶ ಕೊಡುತ್ತದೆ.

2. ಅಳತೆಯ ಪ್ರಶ್ನೆ

ನಿಲ್ದಾಣದ ಪ್ರಯಾಣಿಕರ ಸಂಖ್ಯೆ ಎಂದರೆ ಅಲ್ಲಿ ಬಂದಿಳಿದವರು ಮತ್ತು ಅಲ್ಲಿಂದ ಹೊರಟವರ ಮೊತ್ತ. ಬೆಂಗಳೂರಿಗೆ ಹೋಗಿ ಮರಳಿದ ಒಬ್ಬ ವ್ಯಾಪಾರಿ ಹುಬ್ಬಳ್ಳಿಯ ಲೆಕ್ಕದಲ್ಲಿ ಇಬ್ಬರಾಗುತ್ತಾರೆ. ವರ್ಷಕ್ಕೆ 4 ಲಕ್ಷ ಪ್ರಯಾಣಿಕರು ಎಂದಾಗ 4 ಲಕ್ಷ ಮಂದಿ ಎಂದು ತಿಳಿಯಬಾರದು.

ಇದಕ್ಕಿಂತ ಮುಖ್ಯವಾದದ್ದು ವಿಮಾನದ ಗಾತ್ರ. ದಿನಕ್ಕೊಮ್ಮೆ ಬಂದು ಹೋಗುವ 50 ಆಸನಗಳ ಎಂಬ್ರೇಯರ್ 145 ವಿಮಾನ ವರ್ಷಕ್ಕೆ ಒದಗಿಸುವುದು 36,500 ಆಸನಗಳನ್ನು. ನೂರಕ್ಕೆ 75 ಆಸನಗಳು ತುಂಬಿದರೆ ಸುಮಾರು 27,000 ಪ್ರಯಾಣಿಕರು. ಅದೇ ಭರ್ತಿ ಪ್ರಮಾಣದಲ್ಲಿ 78 ಆಸನಗಳ ಎಟಿಆರ್ 72 ವಿಮಾನ ಸುಮಾರು 43,000 ಮಂದಿಯನ್ನು, 180 ಆಸನಗಳ ಏರ್‌ಬಸ್ ಎ320 ಸುಮಾರು 98,500 ಮಂದಿಯನ್ನು ಸಾಗಿಸುತ್ತದೆ. ಒಂದು ಏರ್‌ಬಸ್ ಬಂದರೆ ನಿಲ್ದಾಣದ ವಾರ್ಷಿಕ ಅಂಕಿ ಲಕ್ಷದಷ್ಟು ಏರುತ್ತದೆ, ಹೋದರೆ ಅಷ್ಟೇ ಇಳಿಯುತ್ತದೆ. ಊರಿನ ಜನರ ಬೇಡಿಕೆ ಒಂದೇ ವರ್ಷದಲ್ಲಿ ಹಾಗೆ ಏರಿಳಿಯುವುದಿಲ್ಲ. ಆದುದರಿಂದ ಪ್ರಾದೇಶಿಕ ನಿಲ್ದಾಣದ ಅಂಕಿಗಳಲ್ಲಿ ಕಾಣುವ ಜಿಗಿತ ಬಹುಪಾಲು ಪೂರೈಕೆಯ ಜಿಗಿತ. ಬೇಡಿಕೆಯನ್ನು ಅಳೆಯಲು ಸೇವೆಯ ಬಾಳಿಕೆಯನ್ನು ನೋಡಬೇಕು.

3. ಎರಡು ನಿಲ್ದಾಣಗಳ ಹಿನ್ನೆಲೆ

ಬೆಳಗಾವಿಯ ಸಾಂಬ್ರಾ ನಿಲ್ದಾಣ ಎರಡನೆಯ ಮಹಾಯುದ್ಧದ ಕೂಸು. 1942ರಲ್ಲಿ ಬ್ರಿಟಿಷ್ ವಾಯುಪಡೆ ತರಬೇತಿಗಾಗಿ ಇದನ್ನು ನಿರ್ಮಿಸಿತು. 1961ರ ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲೂ ಸಾಂಬ್ರಾ ಬಳಕೆಯಾಯಿತು, ಇಂದಿಗೂ ವಾಯುಪಡೆಯ ತರಬೇತಿ ಕೇಂದ್ರ ಅಲ್ಲಿದೆ. ನಾಗರಿಕ ಬಳಕೆಗಾಗಿ ರನ್‌ವೇಯನ್ನು 2,300 ಮೀಟರಿಗೆ ಹಿಗ್ಗಿಸಿ ಕಟ್ಟಿದ ಹೊಸ ಟರ್ಮಿನಲ್ 2017ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು.

ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣಕ್ಕೆ ಯುದ್ಧಕಾಲದ ಬಳುವಳಿಯಿಲ್ಲ. ಅದರ ರನ್‌ವೇ ಬಹುಕಾಲ 1,674 ಮೀಟರ್ ಮಾತ್ರ ಇತ್ತು. ಇಷ್ಟು ಉದ್ದದಲ್ಲಿ ಎಟಿಆರ್ ಅಥವಾ ಕ್ಯೂ400ರಂಥ ಟರ್ಬೊಪ್ರಾಪ್ ವಿಮಾನಗಳಷ್ಟೇ ಇಳಿಯಬಲ್ಲವು. ಕಿಂಗ್‌ಫಿಷರ್ ಸೇವೆ ಆ ಸಂಸ್ಥೆಯ ಪತನದೊಂದಿಗೆ ಕೊನೆಗೊಂಡಿತು. ನಂತರ ಬಂದ ಸ್ಪೈಸ್‌ಜೆಟ್ ಸೇವೆಯೂ ನಿರಂತರವಾಗಿ ನಿಲ್ಲಲಿಲ್ಲ. 2017ರ ಡಿಸೆಂಬರ್‌ನಲ್ಲಿ ಹೊಸ ಟರ್ಮಿನಲ್ ಮತ್ತು 2,600 ಮೀಟರ್ ರನ್‌ವೇ ಸಿದ್ಧವಾದಾಗ ದೊಡ್ಡ ಜೆಟ್ ವಿಮಾನಗಳಿಗೆ ದಾರಿಯಾಯಿತು. ಹೀಗೆ ಮೂರು ತಿಂಗಳ ಅಂತರದಲ್ಲಿ ಎರಡೂ ಊರುಗಳು ಹೊಸ ಸೌಕರ್ಯ ಪಡೆದು ಒಂದೇ ಆರಂಭರೇಖೆಯಲ್ಲಿ ನಿಂತವು.

ಸೌಕರ್ಯವೊಂದೇ ಸಾಲದು ಎಂಬುದಕ್ಕೆ ಮೈಸೂರು ಸಾಕ್ಷಿ. 2010ರಲ್ಲಿ ಅಲ್ಲಿ ಹೊಸ ಟರ್ಮಿನಲ್ ತೆರೆಯಿತು. ಅದೇ ಅಕ್ಟೋಬರ್‌ನಲ್ಲಿ ಬಂದ ಕಿಂಗ್‌ಫಿಷರ್ 2011ರ ನವೆಂಬರ್‌ನಲ್ಲಿ ನಿಂತಿತು. 2013ರಲ್ಲಿ ಬಂದ ಸ್ಪೈಸ್‌ಜೆಟ್ ಕೂಡ ಉಳಿಯಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಟ್ರೂಜೆಟ್ ಚೆನ್ನೈಗೆ ಹಾರಾಟ ಆರಂಭಿಸುವವರೆಗೆ ಕಟ್ಟಡವಿದ್ದೂ ನೆಲೆಯಾದ ಸೇವೆ ಇರಲಿಲ್ಲ.

4. ಉಡಾನ್‌ನ ಕಾರ್ಯವಿಧಾನ

ಯೋಜನೆಯ ಮೂಲ ರೂಪದಲ್ಲಿ, ಹರಾಜಿನಲ್ಲಿ ಗೆದ್ದ ಸಂಸ್ಥೆಗೆ ಆ ಮಾರ್ಗದಲ್ಲಿ ಮೂರು ವರ್ಷ ಏಕಸ್ವಾಮ್ಯ ಹಾಗೂ ಕಾರ್ಯಸಾಧ್ಯತಾ ಅಂತರ ನಿಧಿ ಸಿಗುತ್ತದೆ. ಪ್ರತಿಯಾಗಿ ವಿಮಾನದ ಅರ್ಧದಷ್ಟು, ಗರಿಷ್ಠ 40 ಆಸನಗಳನ್ನು ನಿಗದಿತ ಮಿತಿಯೊಳಗಿನ ದರದಲ್ಲಿ ಮಾರಬೇಕು. ಸುಮಾರು ಒಂದು ಗಂಟೆಯ ಹಾರಾಟಕ್ಕೆ ಆರಂಭದಲ್ಲಿ ಗೊತ್ತುಮಾಡಿದ ಮಿತಿ 2,500 ರೂಪಾಯಿ. ನಿಧಿಯ 20 ಶೇಕಡಾ ಭಾಗವನ್ನು ರಾಜ್ಯ ಸರ್ಕಾರ ಭರಿಸಬೇಕು, ಇಂಧನದ ಮೇಲಿನ ಮೌಲ್ಯವರ್ಧಿತ ತೆರಿಗೆಯನ್ನು 1 ಶೇಕಡಾಕ್ಕೆ ಇಳಿಸಬೇಕು. ಉಳಿದ ಹಣ ಪ್ರಮುಖ ಮಾರ್ಗಗಳ ಹಾರಾಟಗಳ ಮೇಲೆ ವಿಧಿಸುವ ಸುಂಕದಿಂದ ಬರುತ್ತದೆ. ಹುಬ್ಬಳ್ಳಿಯ ಪ್ರಯಾಣಿಕರ ಅಗ್ಗದ ಟಿಕೆಟಿಗೆ ಬೆಂಗಳೂರು–ದೆಹಲಿ ಮಾರ್ಗದ ಪ್ರಯಾಣಿಕರೂ ಪಾಲು ಕೊಡುತ್ತಾರೆ. ಸಾರ್ವಜನಿಕರ ಹಣ ಹೀಗೆ ಸೇರುವುದರಿಂದಲೇ ಫಲಿತಾಂಶವನ್ನು ಕಟ್ಟುನಿಟ್ಟಾಗಿ ಅಳೆಯುವ ಹೊಣೆಯೂ ಇದೆ.

ಗಮನಿಸಬೇಕಾದ ಎರಡು ಅಂಶಗಳಿವೆ. ಒಂದು, 40 ಆಸನಗಳ ಮಿತಿ. 50 ಆಸನಗಳ ವಿಮಾನದಲ್ಲಿ ಅರ್ಧ, ಅಂದರೆ 25 ಆಸನಗಳು ರಿಯಾಯಿತಿಗೆ ಒಳಪಟ್ಟರೆ, 180 ಆಸನಗಳ ಏರ್‌ಬಸ್‌ನಲ್ಲಿ ಆ ಪ್ರಮಾಣ 22 ಶೇಕಡಾ ಮಾತ್ರ. ಸಣ್ಣ ವಿಮಾನದ ಆದಾಯ ಸಹಾಯಧನಕ್ಕೆ ಹೆಚ್ಚು ಅಂಟಿಕೊಂಡಿರುತ್ತದೆ. ನಿಧಿ ನಿಂತ ದಿನ ಅದಕ್ಕೆ ಬೀಳುವ ಪೆಟ್ಟೂ ಹೆಚ್ಚು. ದೊಡ್ಡ ವಿಮಾನ ನಿಧಿಯನ್ನು ಅಷ್ಟಾಗಿ ನೆಚ್ಚಿಕೊಳ್ಳದಿದ್ದರೂ ದಿನವೂ ತುಂಬುವ ಮಾರುಕಟ್ಟೆಯನ್ನು ಬೇಡುತ್ತದೆ.

ಎರಡು, ಅರ್ಹತೆಯ ವ್ಯಾಖ್ಯೆ. ವಿಮಾನವೇ ಇಲ್ಲದ ಅಥವಾ ವಾರಕ್ಕೆ ಏಳಕ್ಕಿಂತ ಹೆಚ್ಚು ನಿಯಮಿತ ಹಾರಾಟಗಳಿಲ್ಲದ ನಿಲ್ದಾಣಗಳು ಯೋಜನೆಯ ಗುರಿ. ಸಹಾಯಧನವಿಲ್ಲದೆಯೂ ಹೇಗೋ ಸೇವೆ ಉಳಿಸಿಕೊಂಡ ಊರು ಈ ವ್ಯಾಖ್ಯೆಯ ಹೊರಗುಳಿಯುತ್ತದೆ. ಪಕ್ಕದ ಊರಿನ ಸ್ಥಿತಿಯನ್ನು ನಿಯಮ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

5. 2018ರ ಸ್ಥಳಾಂತರ

2018ರ ಜನವರಿಯಲ್ಲಿ ಪ್ರಕಟವಾದ ಉಡಾನ್‌ನ ಎರಡನೆಯ ಸುತ್ತಿನಲ್ಲಿ ಹುಬ್ಬಳ್ಳಿ ಸೇರಿತು, ಬೆಳಗಾವಿ ಸೇರಲಿಲ್ಲ. ಪರಿಣಾಮ ಕೆಲವೇ ತಿಂಗಳಲ್ಲಿ ಕಂಡಿತು. ಅದೇ ಮೇ ತಿಂಗಳಲ್ಲಿ ಸ್ಪೈಸ್‌ಜೆಟ್ ತನ್ನ ಬೆಳಗಾವಿ ಸೇವೆಗಳನ್ನು ಹುಬ್ಬಳ್ಳಿಗೆ ಸ್ಥಳಾಂತರಿಸಿತು. ವರ್ಷದ ಮಧ್ಯಭಾಗದಲ್ಲಿ ಇಂಡಿಗೊ ಹುಬ್ಬಳ್ಳಿಗೆ ಕಾಲಿಟ್ಟು ಬೆಂಗಳೂರಿನ ಜೊತೆಗೆ ಚೆನ್ನೈ, ಅಹಮದಾಬಾದ್, ಗೋವಾ, ಕೊಚ್ಚಿಗಳನ್ನು ಜೋಡಿಸಿತು. 2018–19ರಲ್ಲಿ ಹುಬ್ಬಳ್ಳಿಯ ಪ್ರಯಾಣಿಕರ ಸಂಖ್ಯೆ 4 ಲಕ್ಷ ದಾಟಿತು. ಅದೇ ಹೊತ್ತಿನಲ್ಲಿ ಹೊಸ ಟರ್ಮಿನಲ್ ಪಡೆದು ಒಂದು ವರ್ಷವೂ ತುಂಬದ ಸಾಂಬ್ರಾದಲ್ಲಿ ಬೆರಳೆಣಿಕೆಯ ಹಾರಾಟಗಳು ಉಳಿದವು.

ಬೆಳಗಾವಿಯ ಜನಪ್ರತಿನಿಧಿಗಳು, ವಾಣಿಜ್ಯ ಸಂಘಟನೆಗಳು ಒತ್ತಡ ತಂದವು. 2019ರ ಜನವರಿಯಲ್ಲಿ ಪ್ರಕಟವಾದ ಮೂರನೆಯ ಸುತ್ತಿನಲ್ಲಿ ಬೆಳಗಾವಿಗೆ ಹತ್ತಕ್ಕೂ ಹೆಚ್ಚು ಮಾರ್ಗಗಳು ದೊರೆತವು. ಅದೇ ತಿಂಗಳು ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಾಟ ಆರಂಭಿಸಿದ ಸ್ಟಾರ್ ಏರ್ ಮುಂದೆ ಬೆಳಗಾವಿಯನ್ನೂ ನೆಲೆ ಮಾಡಿಕೊಂಡಿತು. 2019–20ರಲ್ಲಿ ಬೆಳಗಾವಿಯ ಪ್ರಯಾಣಿಕರ ಸಂಖ್ಯೆ ಎರಡೂವರೆ ಲಕ್ಷ ಮೀರಿತು. ಎರಡೂ ನಗರಗಳ ಜನಸಂಖ್ಯೆ, ಉದ್ಯಮ, ಆದಾಯಗಳಲ್ಲಿ ಇಷ್ಟು ಅಲ್ಪಾವಧಿಯಲ್ಲಿ ದೊಡ್ಡ ವ್ಯತ್ಯಾಸವಾಗಿರಲಿಲ್ಲ. ಬದಲಾದದ್ದು ಸಹಾಯಧನದ ವಿಳಾಸ.

ಇದರಿಂದ ಉಡಾನ್ ವ್ಯರ್ಥವೆಂಬ ತೀರ್ಮಾನಕ್ಕೆ ಬರಲಾಗದು. ಎರಡೂ ನಿಲ್ದಾಣಗಳು ಯೋಜನೆಯೊಳಗೆ ಬಂದ ಮೇಲೆ ಒಟ್ಟು ಸಂಖ್ಯೆ ಏರಿತು ಎಂಬುದು ಅಡಗಿದ್ದ ಬೇಡಿಕೆ ನಿಜವೆಂಬುದಕ್ಕೆ ಪುರಾವೆ. ಆದರೆ ಒಂದೇ ಸೇವಾ ಪ್ರದೇಶದ ಎರಡು ನಿಲ್ದಾಣಗಳಲ್ಲಿ ಒಂದಕ್ಕೆ ಮಾತ್ರ ನೆರವು ಕೊಟ್ಟಾಗ ಕಾಣುವ ಬೆಳವಣಿಗೆಯಲ್ಲಿ ಒಂದು ಭಾಗ ಕೇವಲ ವರ್ಗಾವಣೆ.

ಸೇವಾ ಪ್ರದೇಶಗಳ ಬೆರಕೆ ದೊಡ್ಡ ನಿಲ್ದಾಣಗಳನ್ನೂ ಬಿಡುವುದಿಲ್ಲ. 2018ರ ಡಿಸೆಂಬರ್ 9ರಂದು ಕಣ್ಣೂರು ನಿಲ್ದಾಣ ತೆರೆಯಿತು, 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ಸ್ಥಗಿತಗೊಂಡಿತು. 2018–19ರಲ್ಲಿ 22 ಲಕ್ಷ ಮೀರಿದ್ದ ಮಂಗಳೂರಿನ ಪ್ರಯಾಣಿಕರ ಸಂಖ್ಯೆ ಮರುವರ್ಷ 19 ಲಕ್ಷಕ್ಕಿಂತ ಕೆಳಗಿಳಿಯಿತು. ಕೊಲ್ಲಿ ರಾಷ್ಟ್ರಗಳ ವಲಸೆ ಸಂಪರ್ಕದ ಗಟ್ಟಿ ಬುನಾದಿಯಿದ್ದ ಮಂಗಳೂರೇ ಹೀಗೆ ಅಲುಗಿದರೆ, ಸಹಾಯಧನದ ಮೇಲೆ ನಿಂತ ನಿಲ್ದಾಣಗಳ ಸ್ಥಿತಿಯನ್ನು ಊಹಿಸಬಹುದು.

6. ಬಾಳಿಕೆಯ ಪರೀಕ್ಷೆ

ಕೋವಿಡ್ ಕಾರಣದಿಂದ 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶೀಯ ವಿಮಾನಗಳು ನಿಂತವು. ಚೇತರಿಕೆಯ ಹಾದಿಯಲ್ಲಿ ಸಂಸ್ಥೆಗಳದ್ದೇ ಸಂಕಷ್ಟ ಎದುರಾಯಿತು. 2022ರ ಫೆಬ್ರುವರಿಯಲ್ಲಿ ಟ್ರೂಜೆಟ್ ಹಾರಾಟ ನಿಲ್ಲಿಸಿತು. ಅದೇ ಜುಲೈನಲ್ಲಿ ಸ್ಪೈಸ್‌ಜೆಟ್‌ನ ಹಾರಾಟಗಳನ್ನು ಅರ್ಧಕ್ಕೆ ಮಿತಿಗೊಳಿಸಲು ವಿಮಾನಯಾನ ಮಹಾನಿರ್ದೇಶನಾಲಯ ಆದೇಶಿಸಿತು. ಬೆಳಗಾವಿಯಂಥ ನಿಲ್ದಾಣಗಳಲ್ಲಿ ಉಡಾನ್‌ನ ಮೂರು ವರ್ಷಗಳ ಅವಧಿ ಮುಗಿಯುತ್ತ ಬಂದದ್ದೂ ಇದೇ ಕಾಲದಲ್ಲಿ. ಒಂದೊಂದಾಗಿ ಮಾರ್ಗಗಳು ಕೈಬಿಟ್ಟವು.

ರಾಷ್ಟ್ರಮಟ್ಟದಲ್ಲೂ ಚಿತ್ರ ಹೀಗೆಯೇ ಇದೆ. ಮಹಾಲೇಖಪಾಲರ 2023ರ ವರದಿಯ ಪ್ರಕಾರ, ಮೂರನೆಯ ಸುತ್ತಿನವರೆಗೆ ಹಂಚಿಕೆಯಾದ 774 ಮಾರ್ಗಗಳಲ್ಲಿ ಹಾರಾಟ ಆರಂಭವಾದದ್ದು 371ರಲ್ಲಿ. ಮೂರು ವರ್ಷ ಪೂರೈಸಿದವು 112. ಆ ಬಳಿಕವೂ 2023ರ ಮಾರ್ಚ್‌ವರೆಗೆ ಬಾಳಿದವು 54, ಅಂದರೆ ಹಂಚಿದವುಗಳಲ್ಲಿ 7 ಶೇಕಡಾ ಮಾತ್ರ. ಪೈರನ್ನು ಮೊಳಕೆಯ ಲೆಕ್ಕದಲ್ಲಿ ಅಳೆಯುವ ರೈತನಿಲ್ಲ. ಮಾರ್ಗಗಳ ಎಣಿಕೆಗೂ ಇದೇ ವಿವೇಕ ಸಲ್ಲಬೇಕು.

7. ರೈಲು, ಸಮಯ ಮತ್ತು ಹಾರಾಟದ ಆವರ್ತನ

ಯಾವ ಮಾರ್ಗ ಬಾಳುತ್ತದೆ ಎಂಬುದನ್ನು ತಿಳಿಯಲು ಪ್ರಯಾಣಿಕರ ಅಗತ್ಯವನ್ನು ನೋಡಬೇಕು. ಧಾರವಾಡದಲ್ಲಿ ಹೈಕೋರ್ಟ್‌ನ ಕಾಯಂ ಪೀಠ 2013ರಿಂದ ಇದೆ, 2016ರಿಂದ ಐಐಟಿ ಇದೆ. ಹುಬ್ಬಳ್ಳಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ. ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಎರಕ ಮತ್ತು ವಿಮಾನ ಬಿಡಿಭಾಗಗಳ ಕೈಗಾರಿಕೆ, 2012ರಲ್ಲಿ ತೆರೆದ ಸುವರ್ಣ ವಿಧಾನಸೌಧ ಇವೆ. ವಕೀಲರು, ಅಧಿಕಾರಿಗಳು, ಉದ್ಯಮಿಗಳು, ವೈದ್ಯರಂಥ ಪ್ರಯಾಣಿಕರಿಗೆ ಬೇಕಾದದ್ದು ಬೆಳಿಗ್ಗೆ ಬೆಂಗಳೂರಿಗೆ ಅಥವಾ ಮುಂಬೈಗೆ ಹೋಗಿ ಕೆಲಸ ಮುಗಿಸಿ ಸಂಜೆ ಮರಳುವ ಅನುಕೂಲ.

ಇನ್ನೊಂದು ಕಡೆ ರೈಲಿನ ಸ್ಪರ್ಧೆ ಇದೆ. 2023ರ ಜೂನ್ 27ರಿಂದ ಬೆಂಗಳೂರು–ಧಾರವಾಡ ವಂದೇ ಭಾರತ್ ಸುಮಾರು ಆರೂವರೆ ಗಂಟೆಯಲ್ಲಿ ನಗರದ ನಡುಭಾಗಕ್ಕೆ ತಲುಪಿಸುತ್ತದೆ. ವಿಮಾನ ಹಾರುವುದು ಒಂದು ಗಂಟೆಯಾದರೂ, ಮುಂಚಿತವಾಗಿ ನಿಲ್ದಾಣ ಸೇರುವ ಹೊತ್ತು, ದೇವನಹಳ್ಳಿಯಿಂದ ಊರೊಳಗೆ ಬರುವ ಹೊತ್ತು ಕೂಡಿದರೆ ನಾಲ್ಕು ಗಂಟೆಯ ಸಮೀಪಕ್ಕೆ ಬರುತ್ತದೆ. ರಾತ್ರಿ ರೈಲು ಹತ್ತಿದವರಿಗೆ ಹಗಲಿನ ಹೊತ್ತೂ ವಸತಿ ಖರ್ಚೂ ಉಳಿಯುತ್ತದೆ. ಹೀಗಾಗಿ ಬೆಂಗಳೂರು ಮಾರ್ಗದಲ್ಲಿ ವಿಮಾನದ ಹೆಚ್ಚುಗಾರಿಕೆ ಎರಡೇ: ಅದೇ ದಿನ ಮರಳುವ ಅವಕಾಶ ಮತ್ತು ಬೆಂಗಳೂರಿನಿಂದ ಮುಂದಿನ ವಿಮಾನ ಹಿಡಿಯುವ ಅನುಕೂಲ. ಎರಡಕ್ಕೂ ದಿನಕ್ಕೆ ಕನಿಷ್ಠ ಎರಡು ಹಾರಾಟಗಳು ಬೇಕು. ಉಡಾನ್ ಕೇಳುವುದು ವಾರಕ್ಕೆ ಕನಿಷ್ಠ ಮೂರು. ವಾರಕ್ಕೆ ಮೂರು ಹಾರಾಟಗಳ ಮಾರ್ಗವನ್ನು ನೆಚ್ಚಿ ವ್ಯಾಪಾರಿ ತನ್ನ ಕೆಲಸದ ದಿನ ಗೊತ್ತುಮಾಡಲಾರ. ಅವನು ನೆಚ್ಚದಿದ್ದರೆ ಆಸನ ತುಂಬುವುದಿಲ್ಲ, ಆಸನ ತುಂಬದಿದ್ದರೆ ಆವರ್ತನ ಹೆಚ್ಚುವುದಿಲ್ಲ.

8. ತೀರ್ಮಾನಗಳು

2024ರ ಮಾರ್ಚ್ 10ರಂದು ಹುಬ್ಬಳ್ಳಿ ಮತ್ತು ಬೆಳಗಾವಿಗಳೆರಡರ ಹೊಸ ಟರ್ಮಿನಲ್‌ಗಳಿಗೆ ಒಂದೇ ಸಮಾರಂಭದಲ್ಲಿ ಶಿಲಾನ್ಯಾಸವಾಯಿತು. ಕಟ್ಟಡಗಳ ಸಾಮರ್ಥ್ಯ ಹೆಚ್ಚುತ್ತಿರುವ ಈ ಹೊತ್ತಿನಲ್ಲಿ ಮೂರು ತೀರ್ಮಾನಗಳನ್ನು ಮುಂದಿಡಬಹುದು.

ಮೊದಲನೆಯದಾಗಿ, ಎರಡೂ ನಿಲ್ದಾಣಗಳನ್ನು ಒಂದೇ ಸೇವಾ ಪ್ರದೇಶವೆಂದು ಪರಿಗಣಿಸಿ ಯೋಜನೆ ರೂಪಿಸಬೇಕು. ಬೆಂಗಳೂರು, ಮುಂಬೈ, ದೆಹಲಿ ಸಂಪರ್ಕ ಎರಡಕ್ಕೂ ಅಗತ್ಯ. ತೆಳುವಾದ ಬೇಡಿಕೆಯ ದೂರದ ಮಾರ್ಗಗಳನ್ನು ಎರಡೂ ಕಡೆಯಿಂದ ಹಾರಿಸುವ ಬದಲು ಹಂಚಿಕೊಂಡು, ಎರಡೂ ನಿಲ್ದಾಣಗಳಿಗೆ ವಾಯವ್ಯ ಸಾರಿಗೆ ಸಂಸ್ಥೆಯ ಬಸ್ಸುಗಳನ್ನು ವಿಮಾನದ ವೇಳೆಗೆ ಹೊಂದಿಸಿದರೆ ಒಟ್ಟು ಆಸನ ಭರ್ತಿ ಹೆಚ್ಚುತ್ತದೆ.

ಎರಡನೆಯದಾಗಿ, ನೆರವು ಮಾರ್ಗದ ಆರಂಭಕ್ಕೆ ಸಿಗುವ ಬದಲು ಆವರ್ತನಕ್ಕೆ ಸಿಗಬೇಕು. ಮೂರು ವರ್ಷಗಳ ಕೊನೆಯಲ್ಲಿ ಒಮ್ಮೆಲೇ ಕಡಿಯದೆ ಹಂತಹಂತವಾಗಿ ಇಳಿಸಿದರೆ ದರ ಮತ್ತು ಬೇಡಿಕೆ ಹೊಂದಿಕೊಳ್ಳಲು ಕಾಲ ಸಿಗುತ್ತದೆ. ಅರ್ಹತೆ ನಿರ್ಧರಿಸುವಾಗ ಪಕ್ಕದ ನಿಲ್ದಾಣದ ಸೇವೆಯ ಮೇಲಾಗುವ ಪರಿಣಾಮವನ್ನೂ ತೂಗಬೇಕು.

ಮೂರನೆಯದಾಗಿ, ವಾರ್ಷಿಕ ಮೊತ್ತದ ಜೊತೆಗೆ ಮಾರ್ಗವಾರು ಆಸನ, ಭರ್ತಿ ಪ್ರಮಾಣ, ರದ್ದಾದ ಹಾರಾಟಗಳ ಮಾಹಿತಿಯನ್ನು ಪ್ರತಿ ನಿಲ್ದಾಣವೂ ಪ್ರಕಟಿಸಬೇಕು. 2023ರಲ್ಲಿ ಉದ್ಘಾಟನೆಯಾದ ಶಿವಮೊಗ್ಗ ನಿಲ್ದಾಣವನ್ನು ರಾಜ್ಯ ಸರ್ಕಾರವೇ ನಡೆಸುತ್ತಿರುವುದರಿಂದ ಈ ಪದ್ಧತಿಯನ್ನು ಕರ್ನಾಟಕ ಅಲ್ಲಿಂದಲೇ ಆರಂಭಿಸಬಹುದು.

ಉತ್ತರ ಕರ್ನಾಟಕಕ್ಕೆ ವಿಮಾನ ಸೇವೆ ಐಷಾರಾಮವೆಂಬ ವಾದವನ್ನು ಈ ಎರಡು ನಿಲ್ದಾಣಗಳ ಅಂಕಿಗಳು ಈಗಾಗಲೇ ಸುಳ್ಳುಮಾಡಿವೆ. ಜನ ಹಾರಲು ಸಿದ್ಧರಿದ್ದಾರೆ ಎಂಬುದು 2018ರಿಂದ 2020ರವರೆಗಿನ ಅನುಭವದಲ್ಲಿ ಸಾಬೀತಾಗಿದೆ. ಅವರು ನೆಚ್ಚಬಹುದಾದ ವೇಳಾಪಟ್ಟಿಯನ್ನು ಸಹಾಯಧನ ಮುಗಿದ ನಾಲ್ಕನೆಯ ವರ್ಷದಲ್ಲೂ ಉಳಿಸಿಕೊಡುವುದು ಇನ್ನು ನೀತಿ ರೂಪಿಸುವವರ ಕೆಲಸ.