ನೀರು ಹುಡುಕುವ ಆಟ, ನೀರು ಬಂದ ಊರು

ಕಳೆದ ವಾರ ‘ಫಾಲ್‌ಔಟ್’ ಎಂಬ ಕಂಪ್ಯೂಟರ್ ಆಟವನ್ನು ಆಡಿ ಮುಗಿಸಿದೆ. ಅಮೆರಿಕದ ಇಂಟರ್‌ಪ್ಲೇ ಸಂಸ್ಥೆ 1997ರಲ್ಲಿ ಹೊರತಂದ ಹಳೆಯ ಆಟವಿದು. ನಿವೃತ್ತ ಉಪಾಧ್ಯಾಯನಿಗೆ ಇದೆಂತಹ ಹವ್ಯಾಸ ಎಂದು ಓದುಗರು ಹುಬ್ಬೇರಿಸಬಹುದು. ಮೊಮ್ಮಗ ರಜೆಗೆ ಬಂದವನು ಕಂಪ್ಯೂಟರಿನಲ್ಲಿ ಹಾಕಿಕೊಟ್ಟು ಹೋದ. ಮೊದಲ ಹತ್ತು ನಿಮಿಷದಲ್ಲಿಯೇ ಕಥೆ ನೀರಿನ ವಿಷಯಕ್ಕೆ ಬಂದಿತು; ಮಂಡ್ಯದ ಕಡೆಯವನನ್ನು ಹಿಡಿದು ಕೂರಿಸಲು ಅಷ್ಟು ಸಾಕು.

ಕಥೆ ಹೀಗಿದೆ. 2077ರಲ್ಲಿ ಅಣುಯುದ್ಧವಾಗಿ ಲೋಕವೆಲ್ಲ ಬೂದಿಯಾಗಿದೆ. ಕ್ಯಾಲಿಫೋರ್ನಿಯಾದ ಒಂದು ಬೆಟ್ಟದೊಳಗಿನ ನೆಲಮಾಳಿಗೆಯಲ್ಲಿ ಕೆಲವರು ತಲೆಮಾರುಗಳಿಂದ ಬದುಕಿದ್ದಾರೆ. 2161ರಲ್ಲಿ ಅವರ ನೀರು ಶುದ್ಧಗೊಳಿಸುವ ಯಂತ್ರದ ಚಿಪ್ ಕೆಡುತ್ತದೆ. ಬೇರೊಂದು ಚಿಪ್ ಹುಡುಕಿ ತರಲು ಒಬ್ಬನನ್ನು ಹೊರಗೆ ಕಳುಹಿಸುತ್ತಾರೆ; ಅವನೇ ನಾವು. ಗಡುವು 150 ದಿನ. ನೀರಿನ ವರ್ತಕರಿಗೆ ಹಣ ಕೊಟ್ಟು ಗಾಡಿಗಳಲ್ಲಿ ನೀರು ಕಳುಹಿಸಿದರೆ ಇನ್ನು 100 ದಿನ ಸಿಗುತ್ತದೆ, ಆದರೆ ಅದರಿಂದ ನೆಲಮಾಳಿಗೆಯ ಸುಳಿವು ಶತ್ರುಗಳಿಗೆ ಬೇಗ ಸಿಗುತ್ತದೆ.

ಚಿಪ್ ಸಿಗುವುದು ನೆಕ್ರೊಪೊಲಿಸ್ ಎಂಬ ಹಾಳೂರಿನಲ್ಲಿ. ಅದು ಹಿಂದೆ ಬೇಕರ್ಸ್‌ಫೀಲ್ಡ್ ಪಟ್ಟಣವಾಗಿತ್ತು. ವಿಕಿರಣದಿಂದ ಮೈಯೆಲ್ಲ ಕೊಳೆತಂತಾದರೂ ಸಾಯದ ಜನ ಅಲ್ಲಿದ್ದಾರೆ. ಆ ಚಿಪ್ ಅವರ ನೀರನ್ನೂ ನಡೆಸುತ್ತಿದೆ. ಅದನ್ನು ಕಿತ್ತುಕೊಂಡು ಹೊರಟರೆ ನಮ್ಮವರು ಬದುಕುತ್ತಾರೆ, ಅವರು ಬಾಯಾರಿ ಸಾಯುತ್ತಾರೆ. ಚರಂಡಿಗಳಲ್ಲಿ ಹುಡುಕಿ ಬಿಡಿಭಾಗ ತಂದು ಅವರ ಹಳೆಯ ಪಂಪನ್ನು ಸರಿಪಡಿಸಿಕೊಟ್ಟು ಹೊರಡುವುದು ಇನ್ನೊಂದು ದಾರಿ. ನಾನು ಪಂಪನ್ನು ಸರಿಪಡಿಸಿದೆ. ಹಾಗೆ ಮಾಡಲೇಬೇಕೆಂದು ಆಟವೇನೂ ಒತ್ತಾಯಿಸುವುದಿಲ್ಲ.

ನಮ್ಮ ಹೊಳಲಿನ ಹೆಸರೂ ಒಂದು ಪಳೆಯುಳಿಕೆಯೇ. ಹಳಗನ್ನಡದಲ್ಲಿ ‘ಪೊಳಲ್’ ಎಂದರೆ ಪಟ್ಟಣ. ನಮ್ಮ ಸೀಮೆಗೂ ಒಂದು ಪ್ರಳಯ ಬಂದು ಹೋಗಿದೆ. 1876ರಿಂದ 1878ರವರೆಗಿನ ಆ ಕಾಲವನ್ನು ಹಿರಿಯರು ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರದ ಬರ ಎನ್ನುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷವನ್ನು ದಾಟಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ತರಗತಿಯಲ್ಲಿ ಈ ಎರಡು ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಒಂದು ನಿಮಿಷ ಸುಮ್ಮನಿರುತ್ತಿದ್ದೆ. ಪಠ್ಯಪುಸ್ತಕದಲ್ಲಿ ಯುದ್ಧಗಳಿಗಿದ್ದಷ್ಟು ಜಾಗ ಈ ಬರಕ್ಕೆ ಇರಲಿಲ್ಲ.

ಆ ಬರ ಮುಗಿದು 33 ವರ್ಷಗಳ ನಂತರ, 1911ರಲ್ಲಿ, ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆಕಟ್ಟು ಕಟ್ಟುವ ಕೆಲಸ ಆರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ಎಂ. ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರು. ಕೆಳಗಿನ ಮದರಾಸು ಸರ್ಕಾರದ ಆಕ್ಷೇಪಣೆಯಿಂದಾಗಿ ಮೊದಲಿಗೆ ಅನುಮತಿ ದೊರೆತದ್ದು 11 ಟಿಎಂಸಿ ಸಂಗ್ರಹಕ್ಕೆ ಮಾತ್ರ. ಮೈಸೂರಿನವರ ಯೋಜನೆಯಿದ್ದುದು 41.5 ಟಿಎಂಸಿಗೆ. ಅನುಮತಿ ಚಿಕ್ಕ ಕಟ್ಟೆಗೆ ಇದ್ದರೂ ಅಡಿಪಾಯವನ್ನು ದೊಡ್ಡ ಕಟ್ಟೆಗೆ ತಕ್ಕಂತೆಯೇ ಹಾಕಿದರು. ಒಪ್ಪಿಗೆ ಸಿಗದೆ ಹೋಗಿದ್ದರೆ ಅಷ್ಟು ಕಲ್ಲು, ಗಾರೆ, ಹಣ ಎಲ್ಲವೂ ವ್ಯರ್ಥ. 1924ರ ಒಪ್ಪಂದದವರೆಗೆ ಅದೊಂದು ಪಣವಾಗಿಯೇ ಉಳಿಯಿತು. ಆ ಒಪ್ಪಂದದ ಎಳೆ ಹಿಡಿದು ಬೆಳೆದ ವ್ಯಾಜ್ಯ 1990ರಲ್ಲಿ ನ್ಯಾಯಮಂಡಳಿ ಸೇರಿ 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನವರೆಗೆ ನಡೆಯಿತು. ನೀರು ಬಂದಾಗಲೆಲ್ಲ ‘ಇದು ಮತ್ತಾರ ಪಾಲಿನದು’ ಎಂಬ ಪ್ರಶ್ನೆಯೂ ಜೊತೆಯಲ್ಲಿಯೇ ಬರುತ್ತದೆ.

ಆಟದ ಮುಕ್ತಾಯ ವಿಚಿತ್ರವಾಗಿದೆ. ಇನ್ನು ಮುಂದೆ ಆಡಬೇಕೆಂದಿರುವವರು ಈ ಎರಡು ಪ್ಯಾರಾಗಳನ್ನು ಬಿಟ್ಟು ಓದಬಹುದು. ಕಡೆಯ ಶತ್ರುವಾದ ‘ಮಾಸ್ಟರ್’ ಮನುಷ್ಯರನ್ನೆಲ್ಲ ಬಲಿಷ್ಠವಾದ ಹೊಸ ಜೀವಿಗಳನ್ನಾಗಿ ಮಾರ್ಪಡಿಸಲು ಹೊರಟವನು. ಅವನನ್ನು ಬಂದೂಕಿನಿಂದ ಸೋಲಿಸಬಹುದು, ಆ ಜೀವಿಗಳಿಗೆ ಸಂತಾನವಾಗದು ಎಂಬ ದಾಖಲೆಯನ್ನು ಅವನ ಮುಂದಿಟ್ಟೂ ಸೋಲಿಸಬಹುದು. ಪುರಾವೆ ಕಂಡು ಮನಸ್ಸು ಬದಲಿಸುವ ಖಳನಾಯಕನನ್ನು ಇತಿಹಾಸದ ಮೇಷ್ಟರಿಗಾಗಿಯೇ ಸೃಷ್ಟಿಸಿರಬೇಕು!

ಎಲ್ಲ ಗೆದ್ದು ಮರಳಿದರೆ ನೆಲಮಾಳಿಗೆಯ ಮೇಲ್ವಿಚಾರಕ ಬಾಗಿಲಲ್ಲಿಯೇ ತಡೆಯುತ್ತಾನೆ. ನಿನ್ನನ್ನು ಕಂಡ ಹುಡುಗರೆಲ್ಲ ಊರು ಬಿಟ್ಟು ಹೊರಡುತ್ತಾರೆ, ಆದ್ದರಿಂದ ನಿನಗಿಲ್ಲಿ ಜಾಗವಿಲ್ಲ ಎನ್ನುತ್ತಾನೆ. ನೀರು ತಂದವನಿಗೆ ಗಡಿಪಾರು. ನಮ್ಮ ಜಿಲ್ಲೆಯ ರೂಢಿ ಇದಕ್ಕೆ ತೀರ ವಿರುದ್ಧ. ವಿಶ್ವೇಶ್ವರಯ್ಯನವರು ಅಣೆಕಟ್ಟು ಪೂರ್ಣವಾಗುವ ಮೊದಲೇ ದಿವಾನಗಿರಿ ಬಿಟ್ಟರೂ ಅವರ ಭಾವಚಿತ್ರಕ್ಕೆ ಇಲ್ಲಿ ದೇವರ ಪಟದ ಪಕ್ಕದಲ್ಲಿ ಜಾಗ ದೊರೆಯಿತು. ಇರ್ವಿನ್ ನಾಲೆಗೂ ಆಮೇಲೆ ಅವರ ಹೆಸರೇ ಬಂದಿತು. ಕಲ್ಲು ಹೊತ್ತು, ಗಾರೆ ಅರೆದು ಎರಡು ದಶಕ ದುಡಿದ ಸಾವಿರಾರು ಕೂಲಿಕಾರರ ಪಟ ಯಾರ ಮನೆಯಲ್ಲಿಯೂ ಇಲ್ಲ. ಒಬ್ಬನೇ ವೀರ ಬೇಕೆಂಬ ಹಂಬಲ ಆಟಕ್ಕೂ ಇದೆ, ನಮಗೂ ಇದೆ.

ಆಟ ಮುಗಿದೊಡನೆ ಒಂದೊಂದು ಊರಿನ ಚಿತ್ರ ಮೂಡುತ್ತದೆ. ನಾವು ಅಲ್ಲಿ ಮಾಡಿದ್ದಕ್ಕೂ ಬಿಟ್ಟದ್ದಕ್ಕೂ ತಕ್ಕಂತೆ ಮುಂದೆ ಆ ಊರು ಏಳಿಗೆಯಾಯಿತೋ ಅಳಿಯಿತೋ ಎಂಬುದನ್ನು ಒಂದು ಧ್ವನಿ ಹೇಳುತ್ತದೆ. ನಮ್ಮ ನಾಲೆಯ ಊರುಗಳಿಗೆ ಇಂತಹ ಚಿತ್ರಗಳನ್ನು ತೆಗೆದವರಿದ್ದಾರೆಯೇ ಎಂದು ಯೋಚಿಸಿದಾಗ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದುಷಿಯ ನೆನಪಾಯಿತು. 1954ರಲ್ಲಿ ಇಂಗ್ಲೆಂಡಿನಿಂದ ಮಂಡ್ಯಕ್ಕೆ ಬಂದು, ಎರಡು ಹಳ್ಳಿಗಳಲ್ಲಿ ಸುಮಾರು ಎರಡು ವರ್ಷ ಅಧ್ಯಯನ ನಡೆಸಿದರು. ನಿಜವಾದ ಹೆಸರುಗಳನ್ನು ಮರೆಮಾಡಿ ಒಂದನ್ನು ವಂಗಲ, ಇನ್ನೊಂದನ್ನು ದಲೇನ ಎಂದು ಕರೆದರು. ವಂಗಲಕ್ಕೆ ನಾಲೆಯ ನೀರು ಬಂದಿತ್ತು. ದಲೇನ ನಾಲೆಗಿಂತ ಎತ್ತರದಲ್ಲಿದ್ದುದರಿಂದ ಒಣಗಿಯೇ ಉಳಿದಿತ್ತು.

ನೀರು ಬಂದ ಊರು ಬದಲಾಗಿ, ಬಾರದ ಊರು ಇದ್ದಲ್ಲಿಯೇ ಇದ್ದಿರಬೇಕೆಂದು ಯಾರಾದರೂ ಊಹಿಸುತ್ತಾರೆ. ಅವರು ಕಂಡದ್ದು ಬೇರೆ. ವಂಗಲದವರು ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಬೆಳೆದು ಕೈತುಂಬ ಹಣ ಕಂಡರು. ಆದರೆ ಒಕ್ಕಲಿಗೂ ಆಳುಮಕ್ಕಳಿಗೂ ಇದ್ದ ತಲೆತಲಾಂತರದ ಕಟ್ಟುಪಾಡು ಹೆಚ್ಚುಕಡಿಮೆ ಹಾಗೆಯೇ ಮುಂದುವರಿಯಿತು. ಹೊಲದಲ್ಲಿ ಗತಿಯಿಲ್ಲದ ದಲೇನದವರು ಮಂಡ್ಯದಲ್ಲಿ ನೌಕರಿ ಹಿಡಿದರು, ಹಿಟ್ಟಿನ ಗಿರಣಿ ಹಾಕಿದರು, ಗಾಡಿ ಹೊಡೆದರು, ನೆರೆಯೂರಿನಲ್ಲಿ ಗದ್ದೆ ಕೊಂಡರು. ಹಳೆಯ ಕಟ್ಟುಪಾಡುಗಳು ಸಡಿಲಗೊಂಡದ್ದು ಅಲ್ಲಿಯೇ. 1962ರಲ್ಲಿ ಪ್ರಕಟವಾದ ಅವರ ಗ್ರಂಥ ಇದನ್ನೆಲ್ಲ ಲೆಕ್ಕವಿಟ್ಟು ಹೇಳುತ್ತದೆ. 1970ರಲ್ಲಿ ಅವರು ಅದೇ ಊರುಗಳನ್ನು ಮತ್ತೆ ಬಂದು ನೋಡಿದರು. ದಲೇನದಂತಹ ಮುಕ್ತಾಯ ನಾನು ಆಡಿದ ಆಟದಲ್ಲಿ ಸಿಗಲಿಲ್ಲ. ಅಲ್ಲಿ ಒಳ್ಳೆಯದು ಮಾಡಿದ ಊರು ಏಳುತ್ತದೆ, ಕೈಬಿಟ್ಟ ಊರು ಬೀಳುತ್ತದೆ.

ಇನ್ನು ಕನ್ನಂಬಾಡಿ. ಹಿನ್ನೀರು ತುಂಬಿದಾಗ ಹಳೆಯ ಊರು ಮುಳುಗಿತು, ಜನ ಹೊಸ ಕನ್ನಂಬಾಡಿಗೆ ಹೋದರು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯ ದಶಕಗಳ ಕಾಲ ನೀರಿನೊಳಗಿದ್ದು, ತೀವ್ರ ಬರದ ವರ್ಷಗಳಲ್ಲಿ ಮಾತ್ರ ತಲೆಯೆತ್ತುತ್ತಿತ್ತು. ಈಗ ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ ತಂದು ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಿದ್ದಾರೆ. ರಜಾದಿನಗಳಲ್ಲಿ ಜನ ಹೋಗಿ ಫೋಟೊ ತೆಗೆಸಿಕೊಂಡು ಬರುತ್ತಾರೆ. ಅಲ್ಲಿ ಬಾಳಿದ್ದ ಮನೆಗಳ ಅಡಿಪಾಯದ ಮೇಲೆ ಈಗಲೂ ನಮ್ಮ ಗದ್ದೆಗೆ ಹರಿದು ಬರಬೇಕಾದ ನೀರು ನಿಂತಿದೆ.