ಹಿಮ್ಮಡಿಯ ಒಂದು ಹನಿ ರಕ್ತ

ನಮ್ಮ ಯಲ್ದೂರು ಕಡೆ ಅಕ್ಕನ ಮಗಳನ್ನೇ ತಂದುಕೊಂಡರೆ ಹೊಲ ಒಡೆಯುವುದಿಲ್ಲ ಎನ್ನುತ್ತಿದ್ದರು. ಸೂಲಗಿತ್ತಿಯಾಗಿದ್ದ ನಮ್ಮಜ್ಜಿ, ಚೆನ್ನಾಗಿ ಹುಟ್ಟಿದ ಕೂಸು ವಾರದೊಳಗೆ ಹಾಲು ಬಿಟ್ಟು ಸೆಟೆದುಕೊಂಡರೆ ಬಾಲಗ್ರಹ ಎಂದು ತಾಯತ ಕಟ್ಟಿಸುತ್ತಿದ್ದಳು. ಕೆಲವು ಕೂಸುಗಳ ಮೂತ್ರಕ್ಕೆ ಬೆಲ್ಲದ ಪಾಕದ ವಾಸನೆಯಂತೆ. ಲ್ಯಾಬ್ ಕೆಲಸಕ್ಕೆ ಸೇರಿದ ಮೇಲೆ ನನಗೆ ಅದರ ಹೆಸರು ತಿಳಿಯಿತು: ಮೇಪಲ್ ಸಿರಪ್ ಕಾಯಿಲೆ. ಲ್ಯೂಸಿನ್ ಎಂಬ ಅಮೈನೋ ಆಮ್ಲ ಅರಗದೆ ರಕ್ತದಲ್ಲಿ ಏರಿ ಮಿದುಳು ಊದಿಕೊಳ್ಳುತ್ತದೆ.

1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗುತ್ರಿ ಇಂಥ ಹುಟ್ಟು ದೋಷ ಹಿಡಿಯಲು ಕೂಸಿನ ಹಿಮ್ಮಡಿ ಚುಚ್ಚಿ, ಕಾಗದದ ಮೇಲೆ ರಕ್ತ ಒಣಗಿಸಿ ಪರೀಕ್ಷಿಸುವುದನ್ನು ತೋರಿಸಿದರು. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾ ದೇವಿ ಮತ್ತಿತರರು ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳ ರಕ್ತದಲ್ಲಿ ಇಂಥ ದೋಷ ಹುಡುಕಿದರು. ಈ ದೋಷ ಅಪ್ಪ-ಅಮ್ಮ ಇಬ್ಬರಿಂದಲೂ ಬಂದರೆ ಕಾಯಿಲೆ; ಒಂದೇ ರಕ್ತದ ಮದುವೆಯಲ್ಲಿ ಹಾಗಾಗುವ ಸಾಧ್ಯತೆ ಹೆಚ್ಚು. ಹೆತ್ತವರ ಮದುವೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ರಕ್ತಸಂಬಂಧದಲ್ಲೇ; ಅದರಲ್ಲಿ ಸೋದರಮಾವನನ್ನೇ ಕಟ್ಟಿಕೊಂಡವರೂ ಇದ್ದರು! ನಮ್ಮೂರಲ್ಲಿ ಇದಕ್ಕೆ ಯಾರೂ ಬೆರಗಾಗರು.

ಆದರೆ ರಕ್ತದ ಲ್ಯೂಸಿನ್ ಅಂಕಿ ವಿಷ ಎಷ್ಟಿದೆ ಎನ್ನುತ್ತದೆ, ನರ ಎಷ್ಟು ಸತ್ತಿತು ಎನ್ನುವುದಿಲ್ಲ. ಆ ಲೆಕ್ಕಕ್ಕೆ ಈಗ ನ್ಯೂರೋಫಿಲಮೆಂಟ್ ಲೈಟ್ ಇದೆ: ನರತಂತು ಮುರಿದಾಗ ಸೋರಿ ರಕ್ತಕ್ಕೆ ಬರುವ ಪ್ರೋಟೀನು. ಮಿಲಿಲೀಟರಿಗೆ ಕೆಲವೇ ಪಿಕೋಗ್ರಾಂ ಇದ್ದರೂ ಹೊಸ ಯಂತ್ರಗಳು ಹಿಡಿಯುತ್ತವೆ. ನರಗಳ ಹೊದಿಕೆ ಹಾಳಾಗುವ ಮೆಟಾಕ್ರೋಮ್ಯಾಟಿಕ್ ಲ್ಯೂಕೋಡಿಸ್ಟ್ರಫಿಯಂಥ ಅಪರೂಪದ ಕಾಯಿಲೆಗಳಲ್ಲಿ ಅದು ಏರುತ್ತದೆ. ಆರೋಗ್ಯವಂತರಲ್ಲೂ ಅದು ವಯಸ್ಸಿನೊಂದಿಗೆ ಬದಲಾಗುತ್ತದೆ: ಎಳೆಗೂಸುಗಳಲ್ಲಿ ಹೆಚ್ಚಿದ್ದು ಬಾಲ್ಯದಲ್ಲಿ ಇಳಿಯುತ್ತದೆ, ದೊಡ್ಡವರಾದ ಮೇಲೆ ಮತ್ತೆ ಏರುತ್ತದೆ. ಹಾಗಾಗಿ ಮಗುವಿನ ಅಂಕಿಯನ್ನು ಅದೇ ವಯಸ್ಸಿನ ಮಕ್ಕಳ ಅಂಕಿಯ ಪಕ್ಕದಲ್ಲೇ ಇಟ್ಟು ನೋಡಬೇಕು.